ನೋವಿಗೆ ಚಿಕಿತ್ಸೆ ಕೇಳುವ ಹಕ್ಕು: ನಾಲ್ಕು ದಶಕಗಳ ಹಾದಿ

ಗುಣವಾಗುವ ಭರವಸೆಯಿಲ್ಲದ ರೋಗಿಗೆ ನೀಡುತ್ತಿರುವ ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸುವ ಬಗ್ಗೆ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ನೀಡಿ 2023ರಲ್ಲಿ ಸರಳಗೊಳಿಸಿದ ನಿರ್ದೇಶನಗಳನ್ನು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಆದೇಶದ ಮೂಲಕ ಜಾರಿಗೆ ತಂದಾಗ, ಪತ್ರಿಕೆಗಳ ಗಮನ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್. ಬಿ. ಕರಿಬಸಮ್ಮ ಅವರತ್ತ ತಿರುಗಿತು. ಬೆನ್ನುಮೂಳೆಯ ಡಿಸ್ಕ್ ಜಾರಿದ ನೋವಿನಿಂದ ಬಳಲುತ್ತಲೇ ಎರಡು ದಶಕಗಳಿಗೂ ಹೆಚ್ಚು ಕಾಲ ಘನತೆಯ ಮರಣದ ಹಕ್ಕಿಗಾಗಿ ಅಧಿಕಾರಸ್ಥರಿಗೆ ಅರ್ಜಿ ಬರೆಯುತ್ತ ಬಂದ ಅವರ ಹೋರಾಟಕ್ಕೆ ಫಲ ಸಿಕ್ಕಿತೆಂದು ನಾಡಿನಾದ್ಯಂತ ಸುದ್ದಿಯಾಯಿತು. ಆ ಸುದ್ದಿಯಲ್ಲಿ ಒಂದು ಪ್ರಶ್ನೆ ಮಾತ್ರ ಹಿಂದೆ ಸರಿಯಿತು: ಯಂತ್ರದ ಆಸರೆಯಿಲ್ಲದೆ ಉಸಿರಾಡುತ್ತಿರುವ, ಆದರೆ ನೋವಿನಿಂದ ರಾತ್ರಿ ಕಣ್ಣು ಮುಚ್ಚಲಾಗದ ರೋಗಿಗೆ ಈ ಆದೇಶದಲ್ಲಿ ಏನಿದೆ? ಏನೂ ಇಲ್ಲ, ಏಕೆಂದರೆ ಅದು ಚಿಕಿತ್ಸೆಯನ್ನು ಹಿಂತೆಗೆಯುವುದಕ್ಕೆ ಸಂಬಂಧಿಸಿದ್ದೇ ಹೊರತು ನೋವಿಗೆ ಚಿಕಿತ್ಸೆ ಕೊಡುವುದಕ್ಕೆ ಸಂಬಂಧಿಸಿದ್ದಲ್ಲ. ಸಾವಿನ ಹಕ್ಕಿನ ಚರ್ಚೆಯು ನೋವಿನ ಚಿಕಿತ್ಸೆಯ ಚರ್ಚೆಗೆ ಸಲ್ಲಬೇಕಾದ ಜಾಗವನ್ನೂ ತುಂಬಿಕೊಂಡಿರುವಾಗ, ಈ ಎರಡನೆಯದು ಎಲ್ಲಿಂದ ಹೊರಟು ಎಲ್ಲಿಗೆ ಬಂದಿದೆ ಎಂಬುದನ್ನು ಗುರುತಿಸುವುದು ಅಗತ್ಯ.

ನೋವನ್ನು ಕಾಯಿಲೆಯ ಲಕ್ಷಣವೆಂದಷ್ಟೇ ನೋಡದೆ ಅದಕ್ಕೇ ಪ್ರತ್ಯೇಕ ಚಿಕಿತ್ಸೆ ಬೇಕೆಂಬ ತಿಳಿವಳಿಕೆ ಅರಿವಳಿಕೆ ತಜ್ಞರಿಂದ ಬಂತು. ಅಮೆರಿಕದ ಜಾನ್ ಬೊನಿಕಾ 1953ರಲ್ಲಿ ಪ್ರಕಟಿಸಿದ ಬೃಹತ್ ಗ್ರಂಥದಿಂದ ಅದಕ್ಕೆ ಶಾಸ್ತ್ರದ ರೂಪ ದೊರೆಯಿತು. 1965ರಲ್ಲಿ ಸಂಶೋಧಕರಾದ ಮೆಲ್ಜಾಕ್ ಮತ್ತು ವಾಲ್ ನೋವಿನ ಸಂಕೇತವು ಬೆನ್ನುಹುರಿಯಲ್ಲೇ ಹೆಚ್ಚುಕಡಿಮೆಯಾಗಬಲ್ಲದೆಂದು ವಾದಿಸಿದರು. 1967ರಲ್ಲಿ ಲಂಡನ್ನಿನಲ್ಲಿ ಸಿಸಿಲಿ ಸಾಂಡರ್ಸ್ ಸೇಂಟ್ ಕ್ರಿಸ್ಟೋಫರ್ ಆರೈಕೆ ಮನೆಯನ್ನು ತೆರೆದು, ರೋಗಿಯ ನೋವಿನಲ್ಲಿ ದೇಹದ ಜೊತೆಗೆ ಮನಸ್ಸು, ಕುಟುಂಬ, ಹಣಕಾಸುಗಳ ಸಂಕಟವೂ ಸೇರಿದೆಯೆಂದು ತೋರಿಸಿದರು. 1986ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಕ್ಯಾನ್ಸರ್ ನೋವಿಗೆ ಸಾಮಾನ್ಯ ಮಾತ್ರೆಯಿಂದ ಮಾರ್ಫಿನ್ನಿನವರೆಗೆ ಹಂತಹಂತವಾಗಿ ಏರುವ ಕ್ರಮವನ್ನು ಸೂಚಿಸಿತು.

ಜಗತ್ತು ಈ ದಾರಿಯಲ್ಲಿ ನಡೆಯುತ್ತಿದ್ದಾಗಲೇ ಭಾರತ ಹಿಂದಕ್ಕೆ ಸರಿಯಿತೆಂಬುದು ಈ ಇತಿಹಾಸದ ಅತ್ಯಂತ ನೋವಿನ ಅಧ್ಯಾಯ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಪರವಾನಗಿಯಲ್ಲೇ ಅಫೀಮು ಬೆಳೆದು ಹೊರದೇಶಗಳಿಗೆ ಕಳುಹಿಸುತ್ತಿದ್ದ ದೇಶದಲ್ಲಿ, 1985ರ ಮಾದಕವಸ್ತು ನಿಯಂತ್ರಣ ಕಾಯ್ದೆಯು ಆಸ್ಪತ್ರೆಗಳು ಮಾರ್ಫಿನ್ ತರಿಸಿಕೊಳ್ಳುವುದನ್ನು ಹಲವು ಪರವಾನಗಿಗಳ ಸರಪಳಿಗೆ ಕಟ್ಟಿಹಾಕಿತು. ಒಂದು ಪರವಾನಗಿ ಕೈಗೆ ಬರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿಯುತ್ತಿತ್ತು. 1997ರ ವೇಳೆಗೆ ದೇಶದ ವಾರ್ಷಿಕ ಮಾರ್ಫಿನ್ ಬಳಕೆ ಸುಮಾರು 18 ಕಿಲೋಗೆ ಇಳಿಯಿತು. ಒಂದು ಪೀಳಿಗೆಯ ವೈದ್ಯರು ಮಾರ್ಫಿನ್ ಬರೆಯುವುದನ್ನು ಕಲಿಯದೆಯೇ ಪದವಿ ಪಡೆದು ಹೊರಬಂದರು, ಮತ್ತು ಹಾಗೆ ಹೊರಬಂದವರೇ ಮುಂದಿನ ಪೀಳಿಗೆಗೆ ಪಾಠ ಹೇಳಿದರು. ಕಾಯ್ದೆಯ ತಿದ್ದುಪಡಿಯಿಂದ ಸರಿಹೋಗದ ಹಾನಿ ಇದು.

ತಿರುವು ತಂದವರು ಮಂತ್ರಿಗಳಾಗಲಿ ದೊಡ್ಡ ಆಸ್ಪತ್ರೆಗಳಾಗಲಿ ಅಲ್ಲ. 1993ರಲ್ಲಿ ಕೋಯಿಕ್ಕೋಡಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಅವರ ಸಂಗಡಿಗರು ಕಟ್ಟಿದ ಸಂಘವು ಆಸ್ಪತ್ರೆಯ ಕೋಣೆಯಿಂದ ಹೊರಟು ಹಳ್ಳಿಯ ಜಗಲಿಗೆ ಬಂತು. ತರಬೇತಿ ಪಡೆದ ನೆರೆಹೊರೆಯವರು ರೋಗಿಯ ಮನೆಗೆ ಹೋಗಿ ನೋವನ್ನು ವಿಚಾರಿಸಿ, ಗಾಯ ತೊಳೆದು, ಮಾತ್ರೆ ಮುಗಿಯುವ ಮೊದಲೇ ವೈದ್ಯರಿಗೆ ತಿಳಿಸುವ ಪದ್ಧತಿ ಬೆಳೆಯಿತು. 2008ರಲ್ಲಿ ಕೇರಳ ಸರ್ಕಾರವು ಉಪಶಾಮಕ ಆರೈಕೆಗೆ, ಅಂದರೆ ರೋಗ ವಾಸಿಯಾಗಲಿ ಬಿಡಲಿ ರೋಗಿಯ ಯಾತನೆಯನ್ನು ತಗ್ಗಿಸುವ ಶುಶ್ರೂಷೆಗೆ, ನೀತಿಯನ್ನೇ ರೂಪಿಸಿತು. ಕರ್ನಾಟಕದಲ್ಲಿ ಕಿದ್ವಾಯಿ ಸಂಸ್ಥೆಯು ಕ್ಯಾನ್ಸರ್ ರೋಗಿಗಳ ನೋವಿಗೆ ವಿಭಾಗವನ್ನು ನಡೆಸಿತು; 1994ರಲ್ಲಿ ನೋಂದಣಿಯಾದ ಬೆಂಗಳೂರು ಹಾಸ್ಪೀಸ್ ಟ್ರಸ್ಟ್ ಕಟ್ಟಿದ ಕರುಣಾಶ್ರಯವು 1999ರಿಂದ ತನ್ನದೇ ಆವರಣದಲ್ಲಿ, ಒಂದು ಪೈಸೆಯನ್ನೂ ಪಡೆಯದೆ, ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುತ್ತಿದೆ. ಕರ್ನಾಟಕ ಕರುಣಾಶ್ರಯವನ್ನು ಮೆಚ್ಚಿತು, ಕೋಯಿಕ್ಕೋಡನ್ನು ಅನುಸರಿಸಲಿಲ್ಲ. ಆಶ್ರಮದಂಥ ಸಂಸ್ಥೆಗೆ ದೇಣಿಗೆ ಕೊಡುವುದಕ್ಕಿಂತ ಪ್ರತಿ ಪಂಚಾಯಿತಿಯಲ್ಲೂ ಮನೆಮನೆಗೆ ಹೋಗುವ ವ್ಯವಸ್ಥೆ ಕಟ್ಟುವುದು ಕಷ್ಟ, ಆದರೆ ನೋವಿರುವುದು ಮನೆಯಲ್ಲಿ.

ಆರೈಕೆ ಮನೆಗೇ ಏಕೆ ಬರಬೇಕೆಂಬುದು ಔಷಧದ ಗುಣದಿಂದಲೇ ಸ್ಪಷ್ಟವಾಗುತ್ತದೆ. ಸಾಮಾನ್ಯ ಮಾರ್ಫಿನ್ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ ಇರುತ್ತದೆ. ನೋವು ಮರಳುವ ಮೊದಲೇ ಮುಂದಿನ ಮಾತ್ರೆ ನುಂಗಬೇಕು, ಜೊತೆಗೆ ಮಲಬದ್ಧತೆಗೆ ಔಷಧ ತಪ್ಪಬಾರದು, ಪ್ರಮಾಣವನ್ನು ರೋಗಿಯ ಮಾತು ಕೇಳಿ ಏರಿಸಬೇಕು. ಬಾಯಿಯ ಕ್ಯಾನ್ಸರಿನಿಂದ ನರಳುವ ತ್ಯಾವಣಿಗೆಯ ರೋಗಿಯು ಪ್ರತಿ ಸಲವೂ ಸೂಜಿಗಾಗಿ ದಾವಣಗೆರೆಯ ಬಸ್ಸು ಹತ್ತುವುದು ಚಿಕಿತ್ಸೆಯಲ್ಲ. ಅಡಿಕೆಯನ್ನು ಸ್ವತಃ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿರುವಾಗ, ಅಡಿಕೆ ಬೆಳೆಯುವ ಚನ್ನಗಿರಿ ಸೀಮೆಗೆ ಈ ಮಾತು ದೂರದ್ದಲ್ಲ.

ರೋಗಿಯ ಪರವಾಗಿ ಮೊದಲು ದನಿಯೆತ್ತಿದವರಲ್ಲಿ ಮನೆಮಂದಿಯೂ ಇದ್ದರು. ಸ್ತನ ಕ್ಯಾನ್ಸರಿನ ತಾಯಿಗೆ ಮಾರ್ಫಿನ್ ದೊರಕಿಸಲಾಗದ ಔಷಧಶಾಸ್ತ್ರಜ್ಞ ರವೀಂದ್ರ ಘೂಯಿ ದೆಹಲಿ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಮಾರ್ಫಿನ್ ಕೋರಿದ ಅರ್ಜಿಗಳನ್ನು ಬೇಗ ಇತ್ಯರ್ಥಪಡಿಸಬೇಕೆಂದು 1998ರಲ್ಲಿ ನ್ಯಾಯಾಲಯ ಹೇಳಿತು. ಇಂಥ ಒತ್ತಡದಿಂದಲೇ 2014ರಲ್ಲಿ ಕಾಯ್ದೆ ತಿದ್ದುಪಡಿಯಾಗಿ, ಮಾರ್ಫಿನ್ ಸೇರಿದಂತೆ ಕೆಲವು ಔಷಧಗಳು 'ಅಗತ್ಯ ಮಾದಕ ಔಷಧ'ಗಳಾದವು. ತರಬೇತಿ ಪಡೆದ ವೈದ್ಯರಿರುವ ಆಸ್ಪತ್ರೆಯು ರಾಜ್ಯದ ಔಷಧ ನಿಯಂತ್ರಕರ ಒಂದೇ ಮಾನ್ಯತೆಯಿಂದ ಅವನ್ನು ಇಟ್ಟುಕೊಳ್ಳಬಹುದಾಯಿತು. ಅಷ್ಟರಲ್ಲಿ ಅಮೆರಿಕದಲ್ಲಿ ನೋವುನಿವಾರಕಗಳ ಅತಿಮಾರಾಟದಿಂದಾದ ದುರಂತದ ಸುದ್ದಿ ಬಂದು, ಇಲ್ಲಿನ ಹಿಂಜರಿಕೆಗೆ ಹೊಸ ನೆಪ ಸಿಕ್ಕಿತು. ಕಂಪನಿಗಳು ಲಾಭಕ್ಕಾಗಿ ದೀರ್ಘಕಾಲದ ಬೆನ್ನುನೋವಿಗೂ ಮಾತ್ರೆ ಸುರಿದ ದೇಶದ ಪಾಠವನ್ನು, ಸಾಯುತ್ತಿರುವವರಿಗೂ ಮಾತ್ರೆ ಸಿಗದ ದೇಶಕ್ಕೆ ಹಾಗೆಯೇ ಅನ್ವಯಿಸುವುದು ಅಧ್ಯಯನವಲ್ಲ, ಭಯ.

ಈ ಕ್ಷೇತ್ರದ ಬರಹಗಳಲ್ಲಿ ಅತ್ಯಂತ ತೆಳುವಾಗಿರುವುದು ಕ್ಯಾನ್ಸರೇತರ ನೋವಿನ ಅಧ್ಯಾಯ. ಬತ್ತದ ನಾಟಿಯಲ್ಲಿ ಬಾಗಿ ಬೆನ್ನು ಸವೆದ ಹೊನ್ನಾಳಿಯ ಹೆಂಗಸು, ಸಕ್ಕರೆ ಕಾಯಿಲೆಯಿಂದ ಅಂಗಾಲು ಉರಿಯುವ ಜಗಳೂರಿನ ವೃದ್ಧ, ಇವರಿಗೆ ಮಾರ್ಫಿನ್ ಮೊದಲ ಉತ್ತರವಲ್ಲ. ಉರಿ, ಜೋಮು, ಚಳುಕು ಎಂದು ರೋಗಿ ಹೇಳಿದರೆ ನರದ ನೋವಿನ ಸುಳಿವು ಸಿಗುತ್ತದೆ, ಅದಕ್ಕೆ ಬೇರೆ ಔಷಧಗಳಿವೆ, ವ್ಯಾಯಾಮ ಚಿಕಿತ್ಸೆಯಿದೆ. ಆದರೆ ಹೊರರೋಗಿ ವಿಭಾಗದಲ್ಲಿ ಈ ಮಾತುಗಳು ಚೀಟಿಗೆ ಇಳಿಯುವುದು ಅಪರೂಪ. 'ವಯಸ್ಸಾಯಿತು, ತಡಕೊಳ್ಳಿ' ಎಂಬಲ್ಲಿಗೆ ಮಾತು ಮುಗಿಯುತ್ತದೆ. ರೋಗಿ ಕೇಳಬಹುದಾದದ್ದು ಸರಳವಾದದ್ದು: ಸೊನ್ನೆಯಿಂದ ಹತ್ತರವರೆಗಿನ ಅಳತೆಯಲ್ಲಿ ನೋವೆಷ್ಟು, ಯಾವ ಹೊತ್ತಿನಲ್ಲಿ ಹೆಚ್ಚು, ಯಾವ ಕೆಲಸ ನಿಂತುಹೋಗಿದೆ, ಹಿಂದಿನ ಔಷಧದಿಂದ ಎಷ್ಟು ತಗ್ಗಿತು ಎಂಬುದು ಚೀಟಿಯಲ್ಲಿ ದಾಖಲಾಗಬೇಕು, ಔಷಧ ನಿರಾಕರಿಸಿದರೆ ಕಾರಣವೂ ದಾಖಲಾಗಬೇಕು. ಖಾಸಗಿ ಆಸ್ಪತ್ರೆಗಳನ್ನು ನಿಯಂತ್ರಿಸುವ ರಾಜ್ಯದ ಕಾಯ್ದೆಗೆ 2017ರಲ್ಲಾದ ತಿದ್ದುಪಡಿಯು ರೋಗಿಗಳ ಹಕ್ಕುಪಟ್ಟಿಯನ್ನೂ ಜಿಲ್ಲಾ ಮಟ್ಟದ ದೂರು ಪ್ರಾಧಿಕಾರವನ್ನೂ ತಂದಿದೆ. 2018ರಿಂದ ಆರೋಗ್ಯ ಉಪಕೇಂದ್ರಗಳ ಸೇವಾಪಟ್ಟಿಯಲ್ಲಿ ಉಪಶಾಮಕ ಆರೈಕೆ ಸೇರಿದೆ. ದಾವಣಗೆರೆಯಲ್ಲಿ 1965ರಿಂದ ವೈದ್ಯಕೀಯ ಕಾಲೇಜಿದೆ, ಚಿಗಟೇರಿ ಜಿಲ್ಲಾ ಆಸ್ಪತ್ರೆಯಿದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ಮಾರ್ಫಿನ್ ಇಟ್ಟುಕೊಳ್ಳಲು ಮಾನ್ಯತೆ ಪಡೆದ ಆಸ್ಪತ್ರೆ ಯಾವುದು, ಅಲ್ಲಿ ತರಬೇತಿ ಪಡೆದ ವೈದ್ಯರು ಯಾವ ದಿನ ಸಿಗುತ್ತಾರೆ ಎಂಬ ಪಟ್ಟಿಯನ್ನು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯಲ್ಲಿ ಕನ್ನಡದಲ್ಲಿ ತೂಗುಹಾಕಲು ಹೊಸ ಕಾಯ್ದೆಯಾಗಲಿ ನ್ಯಾಯಾಲಯದ ತೀರ್ಪಾಗಲಿ ಬೇಕಿಲ್ಲ.