ಅಂಗಡಿಗೆ ಹೊರಡುವ ಮುನ್ನ

ಪುಸ್ತಕವೊಂದು ಬೇಕೆಂದರೆ ನೀವು ಮೊದಲು ಫೋನ್ ತೆಗೆಯುತ್ತೀರಿ. ಹತ್ತಿರದ ಅಂಗಡಿಯಲ್ಲಿ ಅದು ಇದೆಯೇ ಎಂದು ನೋಡಿ, ಇದ್ದರಷ್ಟೇ ಕಾರು ಹತ್ತುತ್ತೀರಿ. ಜಾಣತನವೇ ಸರಿ! ಆದರೆ ‘ಸ್ಟಾಕ್ ಇದೆ’ ಎಂಬ ಆ ಎರಡು ಪದ ಪರದೆಗೆ ಬಂದ ಕಥೆ ಉದ್ದವಾಗಿದೆ, ಕೇಳಿ.

1948ರಲ್ಲಿ ಅಮೆರಿಕದಲ್ಲಿ ಹಳೆಯ ಪುಸ್ತಕದ ವ್ಯಾಪಾರಿಗಳಿಗಾಗಿ ಒಂದು ಪತ್ರಿಕೆ ಶುರುವಾಯಿತು. ಮುಂದೆ ಅದು ‘ಎಬಿ ಬುಕ್‌ಮನ್ಸ್ ವೀಕ್ಲಿ’ ಎಂದು ಹೆಸರಾಯಿತು. ಗಿರಾಕಿ ಕೇಳಿದ ಪುಸ್ತಕ ತನ್ನಲ್ಲಿಲ್ಲದಿದ್ದರೆ ವ್ಯಾಪಾರಿ ಅದರ ಹೆಸರನ್ನು ಅಲ್ಲಿ ಅಚ್ಚು ಹಾಕಿಸುತ್ತಿದ್ದ. ಪುಟಗಟ್ಟಲೆ ಇಂಥ ಪಟ್ಟಿಗಳು. ದೂರದ ಊರಿನ ಇನ್ನೊಬ್ಬ ವ್ಯಾಪಾರಿ ಅದನ್ನು ಓದಿ, ತನ್ನಲ್ಲಿದ್ದರೆ ಬೆಲೆ ಎಷ್ಟು, ಬೈಂಡು ಹೇಗಿದೆ ಎಂದೆಲ್ಲ ಬರೆದು ಒಂದು ಕಾರ್ಡು ಹಾಕುತ್ತಿದ್ದ. ಅಲ್ಲಿಯವರೆಗೆ ಕಾಯಬೇಕು. ಕಾರ್ಡಿಗಾಗಿ ಕಾಯುವುದೆಂದರೇನು ಎಂದು ನಿಮ್ಮ ಅಜ್ಜಿಯನ್ನು ಕೇಳಿ ನೋಡಿ, ಅರ್ಧ ಗಂಟೆ ಹೇಳುತ್ತಾರೆ.

ಹೊಸ ಪುಸ್ತಕಗಳ ದಾರಿ ಬೇರೆ. 1960ರ ದಶಕದಲ್ಲಿ ಬ್ರಿಟನ್ನಿನ ಡಬ್ಲ್ಯು.ಎಚ್. ಸ್ಮಿತ್ ಕಂಪನಿ ತನ್ನ ಉಗ್ರಾಣಕ್ಕೆ ಕಂಪ್ಯೂಟರ್ ತರಲು ಹೊರಟಾಗ, ಪ್ರತಿ ಪುಸ್ತಕಕ್ಕೂ ಒಂದು ಸಂಖ್ಯೆ ಬೇಕಾಯಿತು. ಹಾಗೆ ಹುಟ್ಟಿದ ಒಂಬತ್ತು ಅಂಕಿಯ ಸಂಖ್ಯೆ 1970ರಲ್ಲಿ ಹತ್ತು ಅಂಕಿಯ ಐಎಸ್‌ಬಿಎನ್ ಆಗಿ ಜಗತ್ತಿನದಾಯಿತು. 2007ರಿಂದ ಹದಿಮೂರು ಅಂಕಿ. ಪುಸ್ತಕದ ಬೆನ್ನಿನ ಮೇಲಿನ ಬಾರ್‌ಕೋಡ್ ನೋಡಿದ್ದೀರಲ್ಲ, ಅದರಲ್ಲಿರುವುದು ಇದೇ.

ಅಂಗಡಿಗಳ ಪಟ್ಟಿಗಳು ಅಂತರ್ಜಾಲದಲ್ಲಿ ಒಂದೆಡೆ ಸೇರಿದ್ದು 1990ರ ದಶಕದಲ್ಲಿ. ಕೆನಡಾದ ವಿಕ್ಟೋರಿಯಾ ಊರಿನಲ್ಲಿ ಎರಡು ದಂಪತಿ ಜೋಡಿಗಳು 1995ರಲ್ಲಿ ಕಟ್ಟಿದ ಏಬ್‌ಬುಕ್ಸ್, ಹಳೆಯ ಪುಸ್ತಕದ ಸಣ್ಣ ಅಂಗಡಿಗಳ ಕಪಾಟುಗಳನ್ನು ಜಗತ್ತಿಗೇ ತೆರೆಯಿತು. 1999ರ ಕೊನೆಗೆ ಆ ಹಳೆಯ ವಾರಪತ್ರಿಕೆ ನಿಂತುಹೋಯಿತು. 2008ರಲ್ಲಿ ಏಬ್‌ಬುಕ್ಸನ್ನೇ ಅಮೆಜಾನ್ ಕೊಂಡಿತು. ಸಣ್ಣ ಅಂಗಡಿಗಳ ಜಗಲಿ ದೊಡ್ಡಮನೆಯ ಪಾಲಾಯಿತು ಅಂತ ನನಗನ್ನಿಸುತ್ತದೆ. ಅದಕ್ಕೇ ಅಲ್ಲಿ ಹುಡುಕಿದರೂ, ಊರಿನ ಅಂಗಡಿಯಲ್ಲಿದ್ದರೆ ಅಲ್ಲೇ ಕೊಳ್ಳಿ ಎಂದು ಹೇಳುವವಳು ನಾನು.

ಇನ್ನು ನಮ್ಮ ಕನ್ನಡ. ರಜೆಗೆ ಬೆಂಗಳೂರಿಗೆ ಹೋಗುವ ಮುನ್ನ ನೀವು ಕಾರಂತರದೋ ತ್ರಿವೇಣಿಯವರದೋ ಹಳೆಯ ಮುದ್ರಣವೊಂದನ್ನು ಹುಡುಕಿದಿರಿ ಎನ್ನಿ. ಆ ಕಾಲದ ಪುಸ್ತಕಕ್ಕೆ ಐಎಸ್‌ಬಿಎನ್ ಇಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಹುಡುಕಿದರೆ ಹೆಸರಿನ ಕಾಗುಣಿತವೂ ಒಬ್ಬೊಬ್ಬರದು ಒಂದೊಂದು ತರಹ: ಒಬ್ಬರಿಗೆ ಭೈರಪ್ಪ, ಇನ್ನೊಬ್ಬರಿಗೆ ಬೈರಪ್ಪ. ಪರದೆ ‘ಇಲ್ಲ’ ಎನ್ನುತ್ತದೆ. ಅಂದರೆ ಯಾರೂ ಕಂಪ್ಯೂಟರಿಗೆ ಬರೆದಿಲ್ಲ ಎಂದಷ್ಟೇ ಅರ್ಥ. ಅವೆನ್ಯೂ ರಸ್ತೆಯ ರಾಶಿಯಲ್ಲಿ ಅದು ಇದ್ದರೂ ಇದ್ದೀತು.

ಹುಡುಕುವಾಗ ಕನ್ನಡ ಲಿಪಿಯಲ್ಲೂ ಒಮ್ಮೆ ಬರೆಯಿರಿ, ಪ್ರಕಾಶಕರ ಹೆಸರನ್ನೂ ಸೇರಿಸಿ. ಆಮೇಲೆ ಅಂಗಡಿಗೆ ಫೋನ್ ಮಾಡಿ, ಕನ್ನಡದಲ್ಲೇ ಕೇಳಿ. ತಡವರಿಸಿದರೂ ಪರವಾಗಿಲ್ಲ. ಪುಸ್ತಕ ಸಿಕ್ಕರೆ ತೆಗೆದಿಡಲು ಹೇಳಿ, ಬರುವ ತಾರೀಖು ತಿಳಿಸಿ.