ಕಂಪ್ಯೂಟರ್ ಆನ್ ಆಗುತ್ತಿಲ್ಲವೇ? ‘ಸಿಪಿಯು ಸುಟ್ಟಿದೆ’ ಎಂದು ನಂಬುವ ಮುನ್ನ

ಮುಡುಕುತೊರೆ ಬೆಟ್ಟದ ಮಲ್ಲಿಕಾರ್ಜುನಸ್ವಾಮಿ ಜಾತ್ರೆಗೆ ಇನ್ನೆರಡು ದಿನ ಇರುವಾಗ, ತಲಕಾಡು ರಸ್ತೆಯ ಒಂದು ಜೆರಾಕ್ಸ್ ಅಂಗಡಿಯ ಕಂಪ್ಯೂಟರ್ ಬೆಳಿಗ್ಗೆ ಆನ್ ಆಗಲಿಲ್ಲ ಎಂದುಕೊಳ್ಳಿ. ಅದರೊಳಗೆ ಊರವರ ಅರ್ಜಿಗಳಿವೆ, ಮಕ್ಕಳ ಸ್ಕಾಲರ್‌ಶಿಪ್ ಫಾರಂಗಳಿವೆ, ಯಾರದೋ ಮದುವೆಯ ಫೋಟೊಗಳಿವೆ. ಅಷ್ಟರಲ್ಲಿ ಸಲಹೆಗಳು ಶುರು. ಒಬ್ಬರು ‘ಸಿಪಿಯು ಸುಟ್ಟಿದೆ, ಹೊಸದು ತಗೊಳ್ಳಿ’ ಎನ್ನುತ್ತಾರೆ. ಇನ್ನೊಬ್ಬರು ‘ಫಾರ್ಮ್ಯಾಟ್ ಮಾಡಿಸಿ’ ಎನ್ನುತ್ತಾರೆ. ಮೂರನೆಯವರು ವಾಟ್ಸ್‌ಆ್ಯಪ್‌ನಲ್ಲಿ ಬಂದ ವಿಡಿಯೊ ತೋರಿಸಿ, ರಬ್ಬರ್‌ನಿಂದ ರ‍್ಯಾಮ್ ಉಜ್ಜಿ ಎನ್ನುತ್ತಾರೆ.

ಈ ಮೂರರಲ್ಲಿ ಎರಡನೆಯದು ಅತ್ಯಂತ ಅಪಾಯಕಾರಿ. ಆನ್ ಆಗದ ಕಂಪ್ಯೂಟರ್‌ನಲ್ಲಿ ನಿಮ್ಮ ಫೈಲುಗಳು ಬಹುತೇಕ ಸಂದರ್ಭಗಳಲ್ಲಿ ಹಾಗೆಯೇ ಇರುತ್ತವೆ. ಅವು ಇರುವುದು ಹಾರ್ಡ್‌ಡಿಸ್ಕ್‌ನಲ್ಲಿ ಅಥವಾ ಎಸ್‌ಎಸ್‌ಡಿಯಲ್ಲಿ. ಕರೆಂಟ್ ಬರದಿದ್ದರೂ, ಪರದೆ ಬೆಳಗದಿದ್ದರೂ ಅವು ಅಳಿಸಿಹೋಗುವುದಿಲ್ಲ. ಫಾರ್ಮ್ಯಾಟ್ ಮಾಡಿದರೆ ಮಾತ್ರ ಇದ್ದದ್ದೂ ಕೈತಪ್ಪುತ್ತದೆ.

ಇನ್ನು ‘ಸಿಪಿಯು’ ಎಂಬ ಮಾತು. ನಮ್ಮಲ್ಲಿ ಇಡೀ ಡಬ್ಬಿಯನ್ನೇ ಸಿಪಿಯು ಎನ್ನುವ ರೂಢಿ ಇದೆ. ನಿಜವಾದ ಸಿಪಿಯು ಎಂದರೆ ಅದರೊಳಗೆ ಫ್ಯಾನಿನ ಕೆಳಗೆ ಕೂತಿರುವ, ಬೆಂಕಿಪೊಟ್ಟಣಕ್ಕಿಂತ ಹೆಚ್ಚೇನೂ ದೊಡ್ಡದಲ್ಲದ ಪ್ರೊಸೆಸರ್. ಕಂಪ್ಯೂಟರ್‌ನ ಭಾಗಗಳಲ್ಲಿ ತೀರಾ ಅಪರೂಪಕ್ಕೆ ಕೆಡುವುದು ಅದೇ. ಹಾಗಾಗಿ ‘ಸಿಪಿಯು ಹೋಗಿದೆ’ ಎಂದು ಯಾರಾದರೂ ಹೇಳಿದರೆ, ಡಬ್ಬಿಯೊಳಗಿನ ಯಾವ ಭಾಗ ಹೋಗಿದೆ ಎಂದು ಕೇಳಿ.

ಮೊದಲು ನೋಡಬೇಕಾದ್ದು: ಎಲ್ಲಿಯವರೆಗೆ ಬಂದು ನಿಂತಿದೆ?

ಕಂಪ್ಯೂಟರ್ ಏಳುವುದು ಹಂತ ಹಂತವಾಗಿ. ಗೋಡೆಯಿಂದ ಕರೆಂಟ್ ಬರಬೇಕು. ಎಸ್‌ಎಂಪಿಎಸ್ ಎಂಬ ಪೆಟ್ಟಿಗೆ ಅದನ್ನು ಕಡಿಮೆ ವೋಲ್ಟೇಜಿಗೆ ಇಳಿಸಿ ಮದರ್‌ಬೋರ್ಡಿಗೆ ಕೊಡಬೇಕು. ಮದರ್‌ಬೋರ್ಡ್ ತನ್ನ ರ‍್ಯಾಮ್, ಡಿಸ್ಕ್ ಎಲ್ಲ ಇದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು. ಕೊನೆಗೆ ಡಿಸ್ಕಿನಿಂದ ವಿಂಡೋಸ್ ಶುರುವಾಗಬೇಕು. ಯಾವ ಹಂತದಲ್ಲಿ ನಿಂತಿದೆ ಎಂದು ಗೊತ್ತಾದರೆ ಅರ್ಧ ರಿಪೇರಿ ಆದಂತೆ. ಇದಕ್ಕೆ ಸ್ಕ್ರೂಡ್ರೈವರ್ ಬೇಕಾಗಿಲ್ಲ, ಕಣ್ಣು ಕಿವಿ ಸಾಕು.

ಲೈಟಿಲ್ಲ, ಫ್ಯಾನಿಲ್ಲ, ಸದ್ದಿಲ್ಲ

ಇದು ಕಂಡಷ್ಟು ಗಂಭೀರವಲ್ಲ. ಗುಂಡಿ ಒತ್ತಿದರೂ ಏನೂ ಆಗದಿದ್ದರೆ ತಪ್ಪು ಹೆಚ್ಚಾಗಿ ಡಬ್ಬಿಯ ಹೊರಗೇ ಇರುತ್ತದೆ.

ಅಂಗಡಿಗಳಲ್ಲಿ ಮೊದಲು ಅನುಮಾನಿಸಬೇಕಾದ್ದು ಯುಪಿಎಸ್. ಅದರೊಳಗಿನ 12 ವೋಲ್ಟ್ ಬ್ಯಾಟರಿ ಕೆಲವೇ ವರ್ಷಗಳಲ್ಲಿ ಸೋಲುತ್ತದೆ. ಬ್ಯಾಟರಿ ಪೂರ್ತಿ ಸತ್ತ ಕೆಲವು ಯುಪಿಎಸ್‌ಗಳು ಗೋಡೆಯಲ್ಲಿ ಕರೆಂಟ್ ಇದ್ದರೂ ಆನ್ ಆಗುವುದಿಲ್ಲ. ಕಂಪ್ಯೂಟರ್‌ನ ವೈರನ್ನು ಯುಪಿಎಸ್‌ನಿಂದ ಕಿತ್ತು ನೇರ ಗೋಡೆಯ ಪ್ಲಗ್ಗಿಗೆ ಹಾಕಿ ನೋಡಿ. ಆನ್ ಆದರೆ ಖರ್ಚು ಒಂದು ಬ್ಯಾಟರಿಯಷ್ಟೇ. ಡಬ್ಬಿಯ ಹಿಂಬದಿಯಲ್ಲಿ ಎಸ್‌ಎಂಪಿಎಸ್‌ಗೆ ಒಂದು ಚಿಕ್ಕ ಸ್ವಿಚ್ ಇರುತ್ತದೆ. ಗುಡಿಸುವಾಗ, ಡಬ್ಬಿ ಸರಿಸುವಾಗ ಅದು ಆಫ್ ಆಗಿರುವುದುಂಟು. ಹಳೆಯ ಎಸ್‌ಎಂಪಿಎಸ್‌ಗಳಲ್ಲಿ 115 ಮತ್ತು 230 ಎಂದು ಬರೆದ ಇನ್ನೊಂದು ಕೆಂಪು ಸ್ವಿಚ್ ಇರುತ್ತದೆ. ಅದನ್ನು ಮುಟ್ಟಬೇಡಿ. 115ಕ್ಕೆ ತಿರುಗಿಸಿ ನಮ್ಮ 230 ವೋಲ್ಟ್ ಕರೆಂಟ್ ಕೊಟ್ಟರೆ ಪಟ್ ಎಂದು ಸಿಡಿಯುತ್ತದೆ.

‘ಇದೇ ಪ್ಲಗ್ಗಿನಲ್ಲಿ ಮೊಬೈಲ್ ಚಾರ್ಜ್ ಆಗುತ್ತಿದೆ, ಆದ್ದರಿಂದ ಕರೆಂಟ್ ಸರಿಯಿದೆ’ ಎಂಬುದು ಎಲ್ಲರೂ ಹೇಳುವ ಮಾತು. ಇದು ಪೂರ್ತಿ ನಿಜವಲ್ಲ. ನಿಮ್ಮ ಚಾರ್ಜರ್ ಮೇಲೆ 100ರಿಂದ 240 ವೋಲ್ಟ್ ಎಂದು ಬರೆದಿರುತ್ತದೆ, ನೋಡಿ. ವೋಲ್ಟೇಜ್ 150ಕ್ಕೆ ಕುಸಿದರೂ ಅದು ಚಾರ್ಜ್ ಮಾಡುತ್ತಲೇ ಇರುತ್ತದೆ. ಆದರೆ ಕಂಪ್ಯೂಟರ್‌ನ ಅನೇಕ ಎಸ್‌ಎಂಪಿಎಸ್‌ಗಳಿಗೆ 200ರ ಆಸುಪಾಸಾದರೂ ಬೇಕು, ಅದರ ಚೀಟಿಯ ಮೇಲೆ ಎಷ್ಟೆಂದು ಬರೆದಿರುತ್ತದೆ. ಹಾಗಾಗಿ ಮೊಬೈಲ್ ಬದಲು ಸೀಲಿಂಗ್ ಫ್ಯಾನ್ ನೋಡಿ. ಫುಲ್ ಸ್ಪೀಡಿಗಿಟ್ಟರೂ ನಿಧಾನ ತಿರುಗುತ್ತಿದ್ದರೆ ಲೋ ವೋಲ್ಟೇಜ್ ಇದೆ ಎಂದರ್ಥ. ಪಂಪ್‌ಸೆಟ್‌ಗಳು ಒಟ್ಟಿಗೆ ಓಡುವ ಹೊತ್ತಿನಲ್ಲಿ ಹಳ್ಳಿಗಳಲ್ಲಿ ಹೀಗಾಗುವುದು ಹೊಸತಲ್ಲ. ಮುಡುಕುತೊರೆಯನ್ನು ಬಳಸಿ ಹರಿಯುವ ಇದೇ ಕಾವೇರಿಯ ನೀರಿನಿಂದ ಕೆಳಗಿನ ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ತೆಗೆದು ದೂರದ ಕೋಲಾರದ ಚಿನ್ನದ ಗಣಿಗೆ ಕಳಿಸಿದ್ದರು. ಆದರೆ ನದಿ ಹತ್ತಿರವಿದ್ದ ಮಾತ್ರಕ್ಕೆ ನಿಮ್ಮ ಟ್ರಾನ್ಸ್‌ಫಾರ್ಮರ್ ಮೇಲಿನ ಹೊರೆ ಕಡಿಮೆಯಾಗುವುದಿಲ್ಲವಲ್ಲ! ಬೀದಿಗೆಲ್ಲ ಇದೇ ಸಮಸ್ಯೆ ಇದ್ದರೆ 1912ಕ್ಕೆ ಕರೆ ಮಾಡಿ ದೂರು ಕೊಡಬೇಕು. ಕಂಪ್ಯೂಟರ್ ರಿಪೇರಿಗೆ ಕೊಟ್ಟು ಪ್ರಯೋಜನವಿಲ್ಲ.

ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಮತ್ತೆ ಪ್ಲಗ್ ಹಾಕಿ ಎಂಬ ಸಲಹೆಯೂ ಫಾರ್ವರ್ಡ್‌ಗಳಲ್ಲಿ ಓಡಾಡುತ್ತದೆ. ಇದು ಮೂಢನಂಬಿಕೆಯಂತೆ ಕಂಡರೂ ಸರಿಯಾದ ಸಲಹೆ. ಕರೆಂಟ್ ಏರುಪೇರಾದಾಗ ಎಸ್‌ಎಂಪಿಎಸ್ ತನ್ನನ್ನು ಕಾಪಾಡಿಕೊಳ್ಳಲು ಬಂದ್ ಆಗುತ್ತದೆ, ಕೆಲವೊಮ್ಮೆ ಅದೇ ಸ್ಥಿತಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಪ್ಲಗ್ ಕಿತ್ತು ಗುಂಡಿ ಒತ್ತಿದರೆ ಒಳಗೆ ಉಳಿದ ಚಾರ್ಜ್ ಖಾಲಿಯಾಗಿ ಅದು ಹೊಸದಾಗಿ ಶುರುವಾಗುತ್ತದೆ.

ಇಷ್ಟಕ್ಕೂ ಏಳದಿದ್ದರೆ ಎಸ್‌ಎಂಪಿಎಸ್ ಕೆಟ್ಟಿರಬಹುದು. ಅದನ್ನು ಪೂರ್ತಿಯಾಗಿ ಬದಲಿಸಬೇಕು, ಬಿಚ್ಚಬಾರದು. 230 ವೋಲ್ಟ್ ಕರೆಂಟ್ ಅದರೊಳಗೆ ಸುಮಾರು 325 ವೋಲ್ಟ್ ಡಿಸಿಯಾಗಿ ಕೆಪಾಸಿಟರ್‌ನಲ್ಲಿ ಕೂತಿರುತ್ತದೆ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಇರುತ್ತದೆ, ಪ್ರಾಣಕ್ಕೇ ಅಪಾಯ. ಪೇಪರ್ ಕ್ಲಿಪ್ಪಿನಿಂದ ಹಸಿರು ವೈರನ್ನೂ ಕಪ್ಪು ವೈರನ್ನೂ ಸೇರಿಸಿ ಪರೀಕ್ಷಿಸುವ ವಿಡಿಯೊಗಳು ತುಂಬಾ ಇವೆ. ಅದರಿಂದ ಫ್ಯಾನ್ ತಿರುಗುತ್ತದೆಯೇ ಎಂದಷ್ಟೇ ತಿಳಿಯುತ್ತದೆ, ವೋಲ್ಟೇಜ್ ಸರಿಯಿದೆಯೇ ಎಂದು ತಿಳಿಯುವುದಿಲ್ಲ. ಅನುಭವವಿಲ್ಲದವರಿಗೆ ಅದು ಬೇಡ.

ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು

ಮಾನಿಟರ್‌ಗೂ ಬೇರೆಯೇ ಪವರ್ ವೈರ್ ಇದೆ ಎಂಬುದನ್ನು ಮರೆಯಬೇಡಿ. ಅದರ ಲೈಟ್ ಉರಿಯುತ್ತಿದೆಯೇ, ನೀಲಿ ಬಣ್ಣದ ವಿಜಿಎ ಕೇಬಲ್‌ನ 15 ಪಿನ್‌ಗಳಲ್ಲಿ ಯಾವುದಾದರೂ ಬಾಗಿದೆಯೇ ನೋಡಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಅದಕ್ಕೇ ಹೋಗಿರಬೇಕು.

ಇವೆಲ್ಲ ಸರಿಯಿದ್ದರೆ ಮುಂದಿನ ಅನುಮಾನ ರ‍್ಯಾಮ್ ಮೇಲೆ. ಹಾಗಾದರೆ ರಬ್ಬರ್ ವಿಡಿಯೊ ಸರಿಯೇ? ಅರ್ಧ ಸರಿ. ಉಜ್ಜಿದ ಮೇಲೆ ಅನೇಕ ಕಂಪ್ಯೂಟರ್‌ಗಳು ಏಳುವುದು ನಿಜ. ಆದರೆ ಹೆಚ್ಚಿನ ಕೆಲಸ ಮಾಡಿದ್ದು ರಬ್ಬರ್ ಅಲ್ಲ, ರ‍್ಯಾಮ್ ಕಿತ್ತು ಮತ್ತೆ ಗಟ್ಟಿಯಾಗಿ ಕೂರಿಸಿದ್ದು. ಧೂಳು, ತೇವ, ಬಿಸಿಯಿಂದ ಸಡಿಲವಾಗಿದ್ದ ಸಂಪರ್ಕ ಆಗ ಸರಿಹೋಗುತ್ತದೆ. ರ‍್ಯಾಮ್‌ನ ಅಂಚಿನಲ್ಲಿರುವುದು ಚಿನ್ನದ ತೀರಾ ತೆಳು ಲೇಪ. ಪದೇಪದೇ ಉಜ್ಜಿದರೆ ಅದು ಸವೆಯುತ್ತದೆ, ರಬ್ಬರ್‌ನ ಪುಡಿ ಸ್ಲಾಟಿನೊಳಗೆ ಬೀಳುತ್ತದೆ. ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ, ರ‍್ಯಾಮ್ ತೆಗೆದು ಒಣ ಬಟ್ಟೆಯಿಂದ ಹಗುರವಾಗಿ ಒರೆಸಿ, ಕ್ಲಿಪ್ ಟಕ್ ಎನ್ನುವವರೆಗೆ ಒತ್ತಿ ಕೂರಿಸಿದರೆ ಸಾಕು. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ನೋಡಿ. ಪ್ಲಗ್ ಕೀಳುವುದು ಮುಖ್ಯ. ಏಕೆಂದರೆ ಕಂಪ್ಯೂಟರ್ ಆಫ್ ಆಗಿದ್ದರೂ ಮದರ್‌ಬೋರ್ಡಿಗೆ 5 ವೋಲ್ಟ್ ಹರಿಯುತ್ತಲೇ ಇರುತ್ತದೆ. ಡಬ್ಬಿ ತೆರೆದಾಗ ಸತ್ತ ಹಲ್ಲಿಯೋ ಇರುವೆ ಗೂಡೋ ಸಿಕ್ಕರೆ ಆಶ್ಚರ್ಯಪಡಬೇಡಿ. ಬೆಚ್ಚಗಿನ ಜಾಗ ಅವಕ್ಕೂ ಇಷ್ಟ.

ಅಕ್ಷರ ಬರುತ್ತದೆ, ವಿಂಡೋಸ್ ಬರುವುದಿಲ್ಲ

ಪರದೆ ಮೇಲೆ ಬೂಟ್ ಡಿವೈಸ್ ಸಿಗಲಿಲ್ಲ ಎಂಬ ಸಾಲು ಕಂಡರೆ ಮೊದಲು ಪೆನ್‌ಡ್ರೈವ್ ಕಿತ್ತು ನೋಡಿ. ಕಂಪ್ಯೂಟರ್ ಅದರಲ್ಲೇ ವಿಂಡೋಸ್ ಹುಡುಕುತ್ತಿರಬಹುದು. ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿದ್ದರೆ, ಎಫ್1 ಒತ್ತಿ ಎಂದು ದಿನವೂ ಕೇಳುತ್ತಿದ್ದರೆ, ಮದರ್‌ಬೋರ್ಡ್ ಮೇಲಿನ ಸಿಆರ್2032 ಎಂಬ ನಾಣ್ಯದಂಥ 3 ವೋಲ್ಟ್ ಸೆಲ್ ಮುಗಿದಿದೆ. ವಾಚ್ ಅಂಗಡಿಯಲ್ಲೂ ಸಿಗುತ್ತದೆ.

ಹಾರ್ಡ್‌ಡಿಸ್ಕ್‌ನಿಂದ ಟಿಕ್ ಟಿಕ್ ಎಂಬ ಸದ್ದು ಬರುತ್ತಿದ್ದರೆ ಮಾತ್ರ ತಕ್ಷಣ ಆಫ್ ಮಾಡಿ, ಮತ್ತೆ ಮತ್ತೆ ಆನ್ ಮಾಡಬೇಡಿ. ಒಳಗಿನ ತಟ್ಟೆಯ ಮೇಲೆ ಗೀರು ಬಿದ್ದರೆ ಫೋಟೊ ಮರಳಿ ಸಿಗುವ ಸಾಧ್ಯತೆ ಕಡಿಮೆಯಾಗುತ್ತದೆ. ಡಿಸ್ಕನ್ನು ಫ್ರಿಜ್ಜಿನಲ್ಲಿಡಿ ಎಂಬ ಹಳೆಯ ಫಾರ್ವರ್ಡ್ ನಂಬಬೇಡಿ. ಹೊರತೆಗೆದಾಗ ಅದರ ಮೇಲೆ ನೀರ ಹನಿ ಕಟ್ಟುತ್ತದೆ.

ಲೋಗೊ ಬಂದು ನೀಲಿ ಪರದೆಯಲ್ಲಿ ನಿಂತರೆ ತೊಂದರೆ ವಿಂಡೋಸ್‌ನಲ್ಲಿರುವ ಸಾಧ್ಯತೆ ಹೆಚ್ಚು. 2024ರ ಜುಲೈ 19 ನೆನಪಿರಬಹುದು. ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಸೆಕ್ಯುರಿಟಿ ಸಾಫ್ಟ್‌ವೇರಿನ ಒಂದು ತಪ್ಪು ಅಪ್‌ಡೇಟ್‌ನಿಂದ, ಮೈಕ್ರೋಸಾಫ್ಟ್ ಅಂದಾಜಿನಂತೆ, ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆಯಲ್ಲಿ ನಿಂತವು. ಬೆಂಗಳೂರು ವಿಮಾನ ನಿಲ್ದಾಣದಲ್ಲೂ ಚೆಕ್-ಇನ್ ಅಸ್ತವ್ಯಸ್ತವಾಯಿತು. ಅದು ವೈರಸ್ ಅಲ್ಲ, ಯಾರೂ ಹ್ಯಾಕ್ ಮಾಡಿರಲಿಲ್ಲ. ಸೇಫ್ ಮೋಡ್‌ಗೆ ಹೋಗಿ ಆ ಒಂದು ಫೈಲ್ ಅಳಿಸಿದರೆ ಕಂಪ್ಯೂಟರ್ ಎದ್ದು ಕೂರುತ್ತಿತ್ತು, ಉಳಿದ ಫೈಲುಗಳಿಗೆ ಏನೂ ಆಗಿರಲಿಲ್ಲ. ನಿಮ್ಮ ಕಂಪ್ಯೂಟರ್‌ಗೂ ಸೇಫ್ ಮೋಡ್ ಇದೆ. ಎಫ್8 ಒತ್ತುವ ಹಳೆಯ ಕ್ರಮ ವಿಂಡೋಸ್ 8 ಬಂದ ಮೇಲೆ ತಾನಾಗಿ ನಡೆಯುವುದಿಲ್ಲ. ಶುರುವಾಗುತ್ತಿರುವಾಗಲೇ ಪವರ್ ಗುಂಡಿ ಒತ್ತಿ ಹಿಡಿದು ಎರಡು ಮೂರು ಸಲ ಆಫ್ ಮಾಡಿದರೆ ರಿಪೇರಿ ಮೆನು ತಾನೇ ತೆರೆದುಕೊಳ್ಳುತ್ತದೆ. ಅಲ್ಲಿ ಬಿಟ್‌ಲಾಕರ್‌ನ 48 ಅಂಕಿಯ ಕೀ ಕೇಳಿದರೆ, ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಅದು ಸೇವ್ ಆಗಿದೆಯೇ ಎಂದು ಮೊಬೈಲಿನಿಂದ ನೋಡಿ.

‘ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ, ಈ ನಂಬರಿಗೆ ಫೋನ್ ಮಾಡಿ’ ಎಂದು ಪರದೆ ತುಂಬ ಬಂದರೆ ಅದು ಮೋಸ. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಕೊಡುವುದಿಲ್ಲ. ಈಗಾಗಲೇ ಹಣ ಹಾಕಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ವಿಂಡೋಸ್ 10 ಹಾಕಿದ ಕಂಪ್ಯೂಟರ್‌ಗಳು ಇನ್ನು ಆನ್ ಆಗುವುದೇ ಇಲ್ಲ ಎಂಬ ಮಾತೂ ಸುಳ್ಳು. 2025ರ ಅಕ್ಟೋಬರ್ 14ಕ್ಕೆ ನಿಂತದ್ದು ಅದಕ್ಕೆ ಬರುತ್ತಿದ್ದ ಉಚಿತ ಅಪ್‌ಡೇಟ್‌ಗಳು ಮಾತ್ರ.

ನೀರು ನುಗ್ಗಿದ್ದರೆ

ಕಬಿನಿ, ಕಾವೇರಿ ದಡದವರಿಗೆ ಇದು ದೂರದ ಮಾತಲ್ಲ. 2019ರ ಆಗಸ್ಟ್‌ನಲ್ಲಿ ಕಬಿನಿ ಉಕ್ಕಿದಾಗ ನಂಜನಗೂಡಿನ ತಗ್ಗು ಪ್ರದೇಶಗಳು ನೀರಲ್ಲಿದ್ದವು. ನೆನೆದ ಕಂಪ್ಯೂಟರ್ ‘ನಡೆಯುತ್ತದೆಯೇ ನೋಡೋಣ’ ಎಂದು ಆನ್ ಮಾಡುವುದೇ ಅದನ್ನು ಕೊಲ್ಲುವ ದಾರಿ. ಅಕ್ಕಿಯಲ್ಲಿ ಹೂಳುವುದರಿಂದಲೂ ಪ್ರಯೋಜನವಿಲ್ಲ, ಒಳಗೆ ಧೂಳು ಸೇರುತ್ತದೆ ಅಷ್ಟೇ. ಮೇನ್ ಸ್ವಿಚ್ ಆಫ್ ಮಾಡಿ, ಆಮೇಲೆ ಪ್ಲಗ್ ಕಿತ್ತು, ಹಾರ್ಡ್‌ಡಿಸ್ಕನ್ನು ಕರೆಂಟ್ ಕೊಡದೆ ಹಾಗೆಯೇ ಡೇಟಾ ರಿಕವರಿ ಮಾಡುವವರ ಬಳಿ ಒಯ್ಯಿರಿ. ನೀರು ತಾಗದೆ ಬರೀ ಮದರ್‌ಬೋರ್ಡ್ ಕೆಟ್ಟಿದ್ದರೆ ಅಷ್ಟೂ ಬೇಡ. ಅಂಗಡಿಯವರಿಗೆ ‘ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಹಾಕಿ ಮೊದಲು ಫೈಲ್ ಕಾಪಿ ಮಾಡಿಕೊಡಿ, ಆಮೇಲೆ ಉಳಿದದ್ದು’ ಎಂದು ಹೇಳಿ, ಅದನ್ನು ಅವರ ರಸೀದಿಯ ಮೇಲೆ ಬರೆಸಿಕೊಳ್ಳಿ.