ನೊಣಕ್ಕೆ ಮನೆಯಾಗದ ಹಣ್ಣು

ಹೆಚ್ಚಿದ ಮಾವಿನಹಣ್ಣಿನೊಳಗೆ ಬಿಳಿಯ ಮರಿಹುಳು ಮಿಸುಕಾಡುವುದನ್ನು ಕಾಣದ ಮನೆ ಕರ್ನಾಟಕದಲ್ಲಿ ಅಪರೂಪ. ಹೊರನೋಟಕ್ಕೆ ಹಣ್ಣಿನಲ್ಲಿ ಯಾವ ಕುಂದೂ ಇರುವುದಿಲ್ಲ. ಹೆಣ್ಣು ನೊಣ ಸಿಪ್ಪೆಯನ್ನು ಚುಚ್ಚಿ ಮೊಟ್ಟೆಯಿಟ್ಟು ಹೋಗಿರುತ್ತದೆ. ಮರಿಹುಳು ತಿರುಳು ತಿಂದು ಬೆಳೆದು, ಹೊರಬಿದ್ದು, ಮಣ್ಣಿನಲ್ಲಿ ಕೋಶವಾಗಿ, ಮತ್ತೆ ನೊಣವಾಗಿ ಹಾರುತ್ತದೆ. ಪೆಟ್ಟಿಗೆಯಲ್ಲಿ ಸಾಗುವ ಹಣ್ಣಿನೊಳಗೆ ಅಡಗಿ ಅದು ಸಮುದ್ರವನ್ನೂ ದಾಟಬಲ್ಲದು. ಆದ್ದರಿಂದ ಹಣ್ಣು ಕೊಳ್ಳುವ ದೇಶ ಮೊದಲು ಕೇಳುವುದು ಇದನ್ನೇ: ಈ ಹಣ್ಣು ನೊಣಕ್ಕೆ ಆಶ್ರಯ ನೀಡುತ್ತದೆಯೇ?

ಪ್ರಶ್ನೆ ಸರಳ, ಉತ್ತರ ಹಾಗಲ್ಲ. ಕೊಡಗಿನ ಕಾಫಿ ತೋಟಗಳಲ್ಲೂ ಬೆಳೆಯುವ ಬೆಣ್ಣೆಹಣ್ಣಿನ ಎರಡು ತಳಿಗಳ ಇತಿಹಾಸ ಇದಕ್ಕೆ ಸಾಕ್ಷಿ.

ಮೊದಲನೆಯದು ಹವಾಯಿ ದ್ವೀಪಗಳ 'ಶಾರ್ವಿಲ್'. ಮೆಡಿಟರೇನಿಯನ್ ನೊಣ, ಓರಿಯಂಟಲ್ ನೊಣ ಎರಡೂ ಅಲ್ಲಿ ನೆಲೆಯೂರಿದ್ದವು. ಹೀಗಾಗಿ ಅಮೆರಿಕದ ಮುಖ್ಯ ಭೂಭಾಗಕ್ಕೆ ಅಲ್ಲಿನ ಹಣ್ಣು ಕಳುಹಿಸಲು ಕಟ್ಟುನಿಟ್ಟಿನ ನಿರ್ಬಂಧವಿತ್ತು. ಮರದಲ್ಲಿ ಬಲಿತ, ಇನ್ನೂ ಗಟ್ಟಿಯಾಗಿರುವ ಶಾರ್ವಿಲ್ ಕಾಯಿಯಲ್ಲಿ ನೊಣ ಬೆಳೆಯುವುದಿಲ್ಲವೆಂದು 1983ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಇದನ್ನು ನಂಬಿ 1990ರಲ್ಲಿ ಅನುಮತಿ ನೀಡಲಾಯಿತು. ಆದರೆ 1992ರಲ್ಲಿ ಶಾರ್ವಿಲ್ ಹಣ್ಣುಗಳಲ್ಲೇ ಮರಿಹುಳು ಪತ್ತೆಯಾದವು. ಮಾರುಕಟ್ಟೆ ಮುಚ್ಚಿತು. ಬೆಳೆಗಾರರು ಎರಡು ದಶಕಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು.

ಎರಡನೆಯದು ಮೆಕ್ಸಿಕೋದ 'ಹ್ಯಾಸ್'. ಬೀಜ ಕೊರೆಯುವ ಮೂತಿಹುಳುವಿನ ಭಯದಿಂದ ಅಮೆರಿಕ 1914ರಲ್ಲೇ ಮೆಕ್ಸಿಕೋದ ಬೆಣ್ಣೆಹಣ್ಣಿಗೆ ಬಾಗಿಲು ಹಾಕಿತ್ತು. ಮುಂದೆ ಹಣ್ಣಿನ ನೊಣದ ಆತಂಕವೂ ಸೇರಿತು. ಕ್ಯಾಲಿಫೋರ್ನಿಯಾದ ಬೆಳೆಗಾರರು ಆಮದನ್ನು ಬಲವಾಗಿ ವಿರೋಧಿಸಿದರು. 1997ರಲ್ಲಿ ಬಾಗಿಲು ತುಸು ತೆರೆಯಿತು: ಈಶಾನ್ಯದ 19 ರಾಜ್ಯಗಳಿಗೆ, ಚಳಿಗಾಲದ ನಾಲ್ಕು ತಿಂಗಳು ಮಾತ್ರ.

ಹ್ಯಾಸ್ ನಿಜಕ್ಕೂ ನೊಣಕ್ಕೆ ಮನೆಯೇ ಎಂಬುದನ್ನು ಮಿಚೊಆಕಾನ್ ರಾಜ್ಯದಲ್ಲಿ ವಿಜ್ಞಾನಿಗಳು ಕೂಲಂಕಷವಾಗಿ ಪರೀಕ್ಷಿಸಿದರು. ತೋಟಗಳಿಂದ, ಪ್ಯಾಕಿಂಗ್ ಕೇಂದ್ರಗಳಿಂದ ಸಾವಿರಾರು ಹಣ್ಣು ತಂದು ಹುಳು ಹುಡುಕಿದರು. ಮರದ ಮೇಲಿನ ಹಣ್ಣುಗಳಿಗೆ ಬಲೆ ಕಟ್ಟಿ, ಒಳಗೆ ಹೆಣ್ಣು ನೊಣಗಳನ್ನು ಬಿಟ್ಟರು. ಹಾಗೆ ಬಲವಂತ ಮಾಡಿದಾಗ ನೊಣ ಮೊಟ್ಟೆಯಿಟ್ಟರೂ ಹಣ್ಣಿನ ಅಂಗಾಂಶ ಅದರ ಸುತ್ತ ಗಂಟುಕಟ್ಟಿ ಬೆಳವಣಿಗೆಯನ್ನು ತಡೆಯಿತು. ತೋಟದ ಹಣ್ಣಿನಲ್ಲಿ ಹುಳು ಸಿಗಲಿಲ್ಲ. 2004ರಲ್ಲಿ ಪ್ರಕಟವಾದ ಈ ಅಧ್ಯಯನ, ವಾಣಿಜ್ಯ ಬೆಳೆಯಾದ ಹ್ಯಾಸ್ ನೊಣದ ಸಹಜ ಆಶ್ರಯವಲ್ಲ ಎಂದಿತು. 2007ರ ವೇಳೆಗೆ ಅಮೆರಿಕದ ಎಲ್ಲ ರಾಜ್ಯಗಳೂ ಈ ಹಣ್ಣಿಗೆ ತೆರೆದುಕೊಂಡವು.

ಬೆಣ್ಣೆಹಣ್ಣು ಮರದಲ್ಲಿ ಮಾಗುವುದಿಲ್ಲ, ಕಿತ್ತ ಮೇಲೆ ಮಾಗುತ್ತದೆ. ಮರದಿಂದ ಬೇರ್ಪಟ್ಟೊಡನೆ ಅದರ ರಕ್ಷಣಾಶಕ್ತಿಯೂ ಕುಗ್ಗತೊಡಗುತ್ತದೆ. ಹೀಗಾಗಿ ಕಿತ್ತ ಹಣ್ಣನ್ನು ಪ್ರಯೋಗಾಲಯದಲ್ಲಿ ನೊಣಕ್ಕೆ ಒಡ್ಡಿ ಪಡೆದ ಫಲಿತಾಂಶ ತೋಟಕ್ಕೆ ಹೊಂದಬೇಕೆಂದಿಲ್ಲ. ತಳಿ, ಬಲಿತ ಹಂತ, ಋತು ಎಲ್ಲವೂ ಮುಖ್ಯ. ಈ ಅನುಭವಗಳ ಹಿನ್ನೆಲೆಯಲ್ಲಿ ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಪ್ಪಂದದ ಆಯೋಗ 2016ರಲ್ಲಿ ಮಾನದಂಡವೊಂದನ್ನು ಅಂಗೀಕರಿಸಿತು. ಅದು ಹಣ್ಣುಗಳನ್ನು ಮೂರಾಗಿ ವಿಂಗಡಿಸುತ್ತದೆ: ಸಹಜ ಆಶ್ರಯ, ಷರತ್ತಿಗೊಳಪಟ್ಟ ಆಶ್ರಯ, ಆಶ್ರಯವಲ್ಲದ್ದು. ಮೊಟ್ಟೆ ಕಂಡರೆ ಸಾಲದು. ಸಂತಾನ ಬೆಳೆಸಬಲ್ಲ ನೊಣ ಹೊರಬಂದರಷ್ಟೇ ಹಣ್ಣು ಆಶ್ರಯವೆನಿಸುತ್ತದೆ.

ಶಾರ್ವಿಲ್‌ಗೂ 2013ರಲ್ಲಿ ಮತ್ತೆ ಅವಕಾಶ ದೊರೆಯಿತು. ಆದರೆ ಅದು ನವೆಂಬರಿನಿಂದ ಮಾರ್ಚ್‌ವರೆಗೆ, ನೊಣ ಬದುಕಲಾಗದ ಚಳಿಯ 32 ರಾಜ್ಯಗಳಿಗೆ ಮಾತ್ರ.

ಮಾವಿನ ವಿಷಯದಲ್ಲಿ ಇಂಥ ವಾದಕ್ಕೆ ಎಡೆಯೇ ಇಲ್ಲ. ಅದು ನೊಣದ ಅಚ್ಚುಮೆಚ್ಚಿನ ಮನೆ. 2014ರ ಮೇ 1ರಿಂದ ಐರೋಪ್ಯ ಒಕ್ಕೂಟ ಭಾರತದ ಮಾವನ್ನು ತಡೆದಾಗ ಮುಂದಿಟ್ಟ ಕಾರಣವೂ ಹಣ್ಣಿನ ನೊಣವೇ. 2015ರಲ್ಲಿ ನಿಷೇಧ ತೆರವಾಯಿತು. ಬಿಸಿನೀರು, ಬಿಸಿಹಬೆಗಳ ಉಪಚಾರದಿಂದ ಒಳಗಿನ ಹುಳು ಕೊಂದು ಮಾವು ಕಳುಹಿಸಬೇಕು. ಹ್ಯಾಸ್ ಮರದ ಮೇಲೆ ತಾನೇ ಮಾಡಿಕೊಳ್ಳುವ ಕೆಲಸವನ್ನು ಮಾವಿಗೆ ಮನುಷ್ಯನೇ ಮಾಡಿಕೊಡಬೇಕು.